ಇಂಗ್ಲಿಷಿನ ‘ಹೊರಗೆ’ : ಒಂದು ವಿವೇಚನೆ

‘ಹೊರಗೆ’ ಎಂಬ ನಮ್ಮ ಒಂದು ಮಾತಿಗೆ ದಿನಬಳಕೆಯ ಇಂಗ್ಲಿಷಿನಲ್ಲಿ ನಾಲ್ಕು ಮಾತುಗಳುಂಟು: ‘ಔಟ್’, ‘ಔಟ್‌ಸೈಡ್’, ‘ಔಟ್‌ಡೋರ್ಸ್’, ‘ಇನ್ ದಿ ಓಪನ್ ಏರ್’. ಇವೆಲ್ಲ ಸಮಾನಾರ್ಥಕಗಳೆಂದೇ ನಾವು ಬಹುಕಾಲ ಬೋಧಿಸಿದೆವು. ಅದು ಸರಿಯಲ್ಲವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಒಬ್ಬರು ‘ಔಟ್’ ಎಂದರೆ ಮನೆಯಲ್ಲಿಲ್ಲವೆಂದಷ್ಟೇ ಅರ್ಥ. ಅವರು ಆ ವೇಳೆಗೆ ಸಿನಿಮಾ ಮಂದಿರದೊಳಗೆ ಕುಳಿತಿರಬಹುದು. ‘ಔಟ್‌ಸೈಡ್’ ಎಂಬುದಕ್ಕೆ ಯಾವುದಾದರೊಂದು ಎಲ್ಲೆ ಬೇಕು. ತರಗತಿಯ ‘ಔಟ್‌ಸೈಡ್’ ನಿಂತ ಬಾಲಕ ಶಾಲೆಯ ಕಟ್ಟಡದೊಳಗೇ ಇರಬಹುದು. ‘ಔಟ್‌ಡೋರ್ಸ್’ ಎಂಬಲ್ಲಿ ಕಟ್ಟಡವೇ ಎಲ್ಲೆ. ‘ಔಟ್ ಆಫ್ ಡೋರ್ಸ್’, ಅಂದರೆ ಬಾಗಿಲುಗಳಾಚೆ ಎಂಬ ಹಳೆಯ ನುಡಿಗಟ್ಟು ಅದರ ಮೂಲ. ಆಕಾಶವನ್ನೂ ಹೊಲವನ್ನೂ ಆ ಭಾಷೆ ಮನೆಯ ಬಾಗಿಲಿನಿಂದ ಅಳೆಯುತ್ತದೆ. ಈ ಅಳತೆ ಬಹು ಪ್ರಾಚೀನವಾದುದು. ‘ಫಾರಿನ್’ ಎಂಬ ಶಬ್ದವೂ ಬಾಗಿಲಾಚೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಆ ಲ್ಯಾಟಿನ್ ಮಾತು, ಇಂಗ್ಲಿಷಿನ ‘ಡೋರ್’, ಸಂಸ್ಕೃತದ ‘ದ್ವಾರ’ ಇವು ಒಂದೇ ಮೂಲದವು. ‘ಓಪನ್ ಏರ್’ ಎಂಬುದಾದರೋ ಬಾಗಿಲನ್ನು ಮರೆತು ಗಾಳಿಯನ್ನು ನೆನೆಯುತ್ತದೆ.

ಕನ್ನಡದ ‘ಬಯಲು’ ಎಂಬ ಮಾತಿಗೆ ಬಾಗಿಲಿನ ಹಂಗಿಲ್ಲ. ಆದುದರಿಂದ ಕುಂಬಳೆ ಸೀಮೆಯ ಬಯಲಾಟವನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಔಟ್‌ಡೋರ್’ ಎನ್ನುವುದಕ್ಕಿಂತ ‘ಓಪನ್ ಏರ್’ ಎನ್ನುವುದೇ ಲೇಸು. ಅದನ್ನೇ ಮರಳಿ ಕನ್ನಡಕ್ಕೆ ತರುವಾಗ ‘ತೆರೆದ ಗಾಳಿ’ ಎಂದು ಬರೆದರೆ ಅದು ಯಾರ ಭಾಷೆಯೂ ಆಗದು.

ಹಿಂದೊಮ್ಮೆ ‘ಅಜ್ಜಿ ಹೊರಗೆ ಜಗಲಿಯಲ್ಲಿ ಕುಳಿತಿದ್ದಾಳೆ’ ಎಂಬ ವಾಕ್ಯವನ್ನು ಭಾಷಾಂತರಕ್ಕೆ ಕೊಟ್ಟಿದ್ದೆವು. ಹುಡುಗನೊಬ್ಬ ‘ಔಟ್‌ಸೈಡ್’ ಎಂದು ಬರೆದ. ನಾವು ಕೆಂಪು ಗೀಟೆಳೆದು ‘ಔಟ್‌ಡೋರ್ಸ್’ ಎಂದು ತಿದ್ದಿದೆವು. ಜಗಲಿಗೆ ಮಾಡುಂಟು, ಅಜ್ಜಿ ಬಾಗಿಲಾಚೆ ಇದ್ದರೂ ಬಯಲಲ್ಲಿರಲಿಲ್ಲ. ಹುಡುಗನೇ ಸರಿ, ತಪ್ಪು ನಮ್ಮದು. ಒಳಗು ಹೊರಗುಗಳ ನಡುವಿನ ಇಂಥ ಎಡೆಗೆ ಇಂಗ್ಲಿಷರು ‘ವೆರಾಂಡಾ’ ಎಂಬ ಶಬ್ದವನ್ನು ನಮ್ಮ ದೇಶದಿಂದಲೇ ಒಯ್ದರೆಂಬುದನ್ನು ಅಂದು ನೆನೆಯಲಿಲ್ಲ.

ಎರಡು ಮೂರು ಭಾಷೆಗಳ ನಡುವೆ ಕಲಿಯುವ ಗಡಿನಾಡಿನ ಮಕ್ಕಳಿಗೆ ಬರಿಯ ಶಬ್ದಾರ್ಥದ ಪಟ್ಟಿ ಸಾಲದು. ಆಡುವವನು ಎಲ್ಲಿ ನಿಂತು ‘ಹೊರಗೆ’ ಎನ್ನುತ್ತಾನೆ ಎಂಬುದನ್ನು ಮೊದಲು ಕೇಳಿಸಬೇಕು. ಕೆಂಪು ಶಾಯಿಯನ್ನು ಮುಟ್ಟುವ ಮುನ್ನ ಉಪಾಧ್ಯಾಯ ಬಂಧುಗಳು ಈ ಪ್ರಶ್ನೆಯನ್ನು ತಮಗೂ ಕೇಳಿಕೊಳ್ಳುವುದು ಒಳ್ಳೆಯದು.