ಜುವೈನಿಯ ಇತಿಹಾಸ: ಅನ್ನದ ಋಣವೂ ಸತ್ಯದ ಋಣವೂ

ಸೋತ ನಾಡಿನ ಕಥೆಯನ್ನು ಗೆದ್ದವರ ಆಶ್ರಯದಲ್ಲಿದ್ದು ಬರೆಯುವವನು ಸತ್ಯವನ್ನು ಎಷ್ಟರಮಟ್ಟಿಗೆ ನುಡಿಯಬಲ್ಲನು? ಅತಾ ಮಲಿಕ್ ಜುವೈನಿಯ ‘ತಾರೀಖ್-ಇ-ಜಹಾನ್‌ಗುಶಾಯ್’, ಎಂದರೆ ಜಗಜ್ಜೇತನ ಚರಿತ್ರೆ, ಎಂಬ ಪಾರಸಿ ಗ್ರಂಥದ ವಾಚಕರಿಗೆ ಮೊದಲು ತೋರುವ ಪ್ರಶ್ನೆಯಿದು.

ಜುವೈನಿಯ ಮನೆತನವು ಖೊರಾಸಾನದ್ದು. ಈರಾನಿಗೂ ಮಧ್ಯ ಏಷ್ಯಕ್ಕೂ ನಡುವಣ ಆ ಗಡಿನಾಡನ್ನು ಮಂಗೋಲರು ೧೨೨೦-೨೧ ರಲ್ಲಿ ಹಾಳುಗೆಡವಿದರು. ಅವನು ಹುಟ್ಟಿದುದು ೧೨೨೬ ರಲ್ಲಿ. ತಂದೆಯು ಮಂಗೋಲರ ಹಣಕಾಸಿನ ಅಧಿಕಾರಿ. ಮಗನು ಅವರ ಪ್ರಾಂತಾಧಿಪತಿಯಾದ ಅರ್ಗೂನನ ಪರಿವಾರದವನು. ೧೨೫೨-೫೩ ರಲ್ಲಿ ಕರಕೋರಮ್ ರಾಜಧಾನಿಯಲ್ಲಿದ್ದಾಗ ಅವನು ಗ್ರಂಥರಚನೆಗೆ ತೊಡಗಿದನು.

ಮಂಗೋಲರ ವಿಜಯವು ದೈವಸಂಕಲ್ಪವೆಂದು ಜುವೈನಿಯು ಸಮರ್ಥಿಸುವನು. ಇಷ್ಟನ್ನೇ ನೋಡಿ ಅವನನ್ನು ಹೊಗಳುಭಟನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮರ್ವ್ ನಗರದ ಹೆಣಗಳನ್ನು ಕೆಲವರು ಹದಿಮೂರು ಹಗಲು ಹದಿಮೂರು ಇರುಳು ಎಣಿಸಿದರೆಂದೂ, ಲೆಕ್ಕವು ಹದಿಮೂರು ಲಕ್ಷವನ್ನು ಮೀರಿತೆಂದೂ ಬರೆದವನು ಅವನೇ. ಸಂಖ್ಯೆಯು ಉತ್ಪ್ರೇಕ್ಷೆಯಾಗಿರಬಹುದು, ಆದರೆ ಕೊಂದವರ ಮನೆಯ ಅನ್ನವನ್ನು ಉಣ್ಣುತ್ತ ಸತ್ತವರ ಲೆಕ್ಕವನ್ನು ಬರೆದಿಟ್ಟ ಧೈರ್ಯವು ಉತ್ಪ್ರೇಕ್ಷೆಯಲ್ಲ. ಬುಖಾರದಿಂದ ತಪ್ಪಿಸಿಕೊಂಡು ಬಂದವನೊಬ್ಬನು ಊರಿನ ಗತಿಯನ್ನು ನಾಲ್ಕಾರು ಕ್ರಿಯಾಪದಗಳಲ್ಲಿ ಮುಗಿಸಿದ ಪ್ರಸಂಗವಂತೂ ಗ್ರಂಥದ ಶಿಖರವು. ಅಲಂಕಾರಪ್ರಿಯನಾದ ಜುವೈನಿಯು ಅಲ್ಲಿ ಆ ನಿರಾಭರಣವಾದ ಮಾತನ್ನೇ ಮೆಚ್ಚಿ ಉಳಿಸಿಕೊಂಡಿರುವನು.

ಮಂಗೋಲರಿಗೆ ಹೆದರಿ ದಿಲ್ಲಿಯ ಆಶ್ರಯವನ್ನು ಹೊಕ್ಕ ಜೂಜ್ಜಾನಿಯು ೧೨೬೦ ರ ಸುಮಾರಿಗೆ ಮುಗಿಸಿದ ‘ತಬಕಾತ್-ಇ-ನಾಸಿರೀ’ಯಲ್ಲಿ ಅವರನ್ನು ಬಾಯಿತುಂಬ ಶಪಿಸಿದನು. ಅವನಿಗೆ ಆ ಸ್ವಾತಂತ್ರ್ಯವಿತ್ತು. ಆದರೆ ಮಂಗೋಲರ ಆಡಳಿತದ ಒಳಮರ್ಮ, ತೆರಿಗೆಯ ಕ್ರಮ, ಅಧಿಕಾರಿಗಳ ಪರಸ್ಪರ ದ್ವೇಷ, ಹಾಳೂರುಗಳನ್ನು ಮರಳಿ ಕಟ್ಟುವ ಯತ್ನ, ಇವು ಒಳಗಿದ್ದವನಿಗೆ ಮಾತ್ರ ಕಂಡವು. ಒಬ್ಬನಲ್ಲಿ ಕೋಪವಿದೆ, ಮತ್ತೊಬ್ಬನಲ್ಲಿ ತಿಳಿವಿದೆ.

ಜುವೈನಿಯ ನಿಜವಾದ ದೋಷವು ಹೊಗಳಿಕೆಯಲ್ಲಿಲ್ಲ, ಮೌನದಲ್ಲಿದೆ. ೧೨೫೬ ರಲ್ಲಿ ಹುಲಾಗುವಿನೊಡನೆ ಅಲಮೂತ್ ದುರ್ಗಕ್ಕೆ ಹೋಗಿ, ಅಲ್ಲಿಯ ಪುಸ್ತಕಭಂಡಾರದಲ್ಲಿ ಯಾವುದನ್ನು ಉಳಿಸಿದೆನು, ಯಾವುದನ್ನು ಸುಟ್ಟೆನು ಎಂಬುದನ್ನು ಮರೆಮಾಚದೆ ಹೇಳುವನು. ೧೨೫೮ ರಲ್ಲಿ ಬಗ್ದಾದು ಬಿದ್ದಿತು, ಖಲೀಫನು ಹತನಾದನು. ಮರುವರ್ಷವೇ ಜುವೈನಿಯು ಆ ನಗರದ ಅಧಿಪತಿಯಾದನು. ಆದರೂ ಅವನ ಕಥೆಯು ಇಸ್ಮಾಯಿಲಿಗಳ ನಾಶದಲ್ಲಿಯೇ ನಿಂತುಹೋಗುವುದು. ಮರ್ವಿನ ಹೆಣಗಳನ್ನು ಎಣಿಸಿದ ಲೇಖನಿಯು ಬಗ್ದಾದಿನ ಬಾಗಿಲಲ್ಲಿ ತಡೆಯಿತು. ಹುಟ್ಟುವ ಮೊದಲಿನ ದುಃಖವನ್ನು ಬರೆಯಬಹುದು. ತಾನು ಕುಳಿತ ಪೀಠದ ಕೆಳಗಿನ ನೆತ್ತರನ್ನು ಬರೆಯುವುದು ದುಸ್ಸಾಧ್ಯವು.

ಆದುದರಿಂದ ಈ ಗ್ರಂಥವನ್ನು ಸ್ತುತಿಯೆಂದೂ ಓದಲಾಗದು, ಶುದ್ಧಸತ್ಯವೆಂದೂ ನಂಬಲಾಗದು. ಅನ್ನದ ಋಣವು ಎಲ್ಲಿ ಸತ್ಯದ ಋಣಕ್ಕೆ ಎಡೆಗೊಟ್ಟಿತು, ಎಲ್ಲಿ ಅದರ ಬಾಯಿಯನ್ನು ಮುಚ್ಚಿತು ಎಂಬ ಗಡಿಯನ್ನು ಗುರುತಿಸುತ್ತ ಓದುವ ಸಹೃದಯನಿಗೆ ಮಾತ್ರ ಇದು ತನ್ನ ಪೂರ್ಣಾರ್ಥವನ್ನು ಕೊಡುವುದು.