ಕೈರಂಗಳದಲ್ಲಿ ಒಂದು ಕಾಸರಗೋಡು

ಶಾಲೆಯ ಬೋರ್ಡನ್ನೇ ಎತ್ತಿ ಸಿನಿಮಾದ ಹೆಸರಾಗಿ ಇಟ್ಟದ್ದು ರಿಷಬ್ ಶೆಟ್ಟಿಯವರ ಜಾಣತನ. 2018ರ ಆಗಸ್ಟಿನಲ್ಲಿ ತೆರೆಗೆ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಉದ್ದನೆಯ ಹೆಸರಿನಲ್ಲಿ ಅರ್ಧ ಸಿನಿಮಾ ಅಡಗಿದೆ. ಕರಾವಳಿಯ ಸರ್ಕಾರಿ ಶಾಲೆಗಳಲ್ಲಿ ಕೊಡುಗೆಯವರ ಹೆಸರಿಲ್ಲದ ಸಾಮಾನು ಹುಡುಕುವುದು ಕಷ್ಟ. ಕಬ್ಬಿಣದ ಕಪಾಟಿನ ಬಾಗಿಲಿಗೆ ಒಂದು ಹೆಸರು, ಗೋಡೆ ಗಡಿಯಾರದ ಗಾಜಿಗೆ ಇನ್ನೊಂದು, ಕೈ ತೊಳೆಯುವ ನಲ್ಲಿಯ ಕಟ್ಟೆಗೆ ಯಾರದೋ ತಾಯಿಯ ಸ್ಮರಣಾರ್ಥ, ಊಟದ ತಟ್ಟೆಯ ಬೆನ್ನಿಗೆ ಯುವಕ ಮಂಡಲದ ಹೆಸರು. ಫ್ಯಾನಿನ ರೆಕ್ಕೆಗಳ ಮೇಲೂ ಬರೆಸುತ್ತಾರೆ. ಕರೆಂಟು ಹೋದಾಗ ಮಾತ್ರ ದಾನಿ ಯಾರೆಂದು ಮಕ್ಕಳಿಗೆ ತಿಳಿಯುತ್ತದೆ.

ನಗುವುದು ಸುಲಭ. ಆದರೆ ಈ ಶಾಲೆಗಳಲ್ಲಿ ಎಷ್ಟೋ ಕಡೆ ಜಾಗ ಕೊಟ್ಟವರು, ಮರ ಕೊಟ್ಟವರು, ಕಲ್ಲು ಹೊತ್ತವರು ಊರಿನವರೇ. ಸರ್ಕಾರ ಆಮೇಲೆ ಬಂದದ್ದು. ಹಾಗಾಗಿ ಹಳೆ ಶಾಲೆಯ ಕಟ್ಟಡದ ಬಗ್ಗೆ ನಮ್ಮಲ್ಲಿ ಉಕ್ಕುವ ಹಂಬಲದಲ್ಲಿ ಬಾಲ್ಯದ ನೆನಪು ಎಷ್ಟಿದೆಯೋ, ‘ಇದು ನಮ್ಮದು’ ಎಂಬ ಹಕ್ಕಿನ ಭಾವವೂ ಅಷ್ಟೇ ಇದೆ. ಚಿತ್ರ ಈ ಎಳೆಯನ್ನು ಸರಿಯಾಗಿ ಹಿಡಿದಿದೆ. ಅದನ್ನು ಎಲ್ಲಿಗೆ ಕೊಂಡೊಯ್ದಿದೆ ಎಂಬುದರ ಬಗ್ಗೆ ನನಗೆ ತಕರಾರಿದೆ.

ಕತೆ ಗೊತ್ತಿರುವಂಥದ್ದೇ. ಕೇರಳದ ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡವೇ ಬಾರದ ಮಲಯಾಳಿ ಗಣಿತ ಮೇಷ್ಟ್ರು ಬರುತ್ತಾರೆ. ಮಕ್ಕಳಿಗೆ ಪಾಠ ತಲೆಗೆ ಹತ್ತುವುದಿಲ್ಲ, ಗಲಾಟೆಯಾಗುತ್ತದೆ, ಕೊನೆಗೆ ಶಾಲೆಯನ್ನೇ ಮುಚ್ಚುವ ಹುನ್ನಾರ ನಡೆಯುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬ ಹೆಸರಿನವರೊಬ್ಬರನ್ನು ಕರೆತರುತ್ತಾರೆ. ಅವರು ಹುಡುಕಿಕೊಂಡು ಹೋದ ಅನಂತಪದ್ಮನಾಭ ಇವರಲ್ಲ ಎಂಬುದೇ ಕತೆಯ ತಮಾಷೆ. ಆ ಪಾತ್ರದಲ್ಲಿ ಅನಂತ್ ನಾಗ್. ಮಿಕ್ಕದ್ದೆಲ್ಲ ನ್ಯಾಯಾಲಯದಲ್ಲಿ ತೀರ್ಮಾನವಾಗುತ್ತದೆ. ಚಿತ್ರಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಗೌರವ ಸಿಕ್ಕಿತು. ವಾಸುಕಿ ವೈಭವ್ ಅವರ ಹಾಡುಗಳು ಶಾಲಾ ವಾರ್ಷಿಕೋತ್ಸವಗಳ ವೇದಿಕೆ ಏರಿದವು.

ಮೊದಲರ್ಧದ ಶಾಲೆ ನನಗೆ ಬಹಳ ಇಷ್ಟ. ಇಲ್ಲಿ ಯಾರೂ ಕನ್ನಡದ ಬಗ್ಗೆ ಭಾಷಣ ಮಾಡುವುದಿಲ್ಲ. ಕನ್ನಡದಲ್ಲಿ ಬೈಯುತ್ತಾರೆ, ಕನ್ನಡದಲ್ಲಿ ಸುಳ್ಳು ಹೇಳುತ್ತಾರೆ, ಹುಡುಗಿಯ ಕಣ್ಣಿಗೆ ಬೀಳಲು ಕನ್ನಡದಲ್ಲೇ ಒದ್ದಾಡುತ್ತಾರೆ. ಮೇಷ್ಟ್ರುಗಳ ನಡುವಿನ ಸಣ್ಣ ಕಿರಿಕಿರಿ, ಫೇಲಾಗಿ ಫೇಲಾಗಿ ಮೀಸೆ ಚಿಗುರಿದ ಹುಡುಗನಿಗೆ ಸಿಗುವ ಹಿರಿತನ, ಊರಿನಲ್ಲಿ ಬೇರೆ ಕೆಲಸವಿಲ್ಲದ ಹಳೆ ವಿದ್ಯಾರ್ಥಿಯ ಓಡಾಟ, ಎಲ್ಲವೂ ಅಳತೆಗೆ ಸರಿಯಾಗಿ ಕೂತಿವೆ. ಕಟ್ಟಡವೂ ಇಲ್ಲಿ ಒಂದು ಪಾತ್ರವೇ, ಆದರೆ ಕ್ಯಾಮೆರಾ ಅದರ ಎದುರು ಕೈಮುಗಿದು ನಿಲ್ಲುವುದಿಲ್ಲ.

ಆ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಕೆಂಪು ಮುರಕಲ್ಲಿನ ಗೋಡೆ, ಉದ್ದಕ್ಕೂ ಜಗಲಿ, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕೆಂಪು ಮಾಡು ಕರಾವಳಿಯ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳ ಗುರುತೇ ಆಗಿಹೋಯಿತು. ಹುಲ್ಲಿನ ಮಾಡಿನಂತೆ ಬೆಂಕಿಯ ಭಯವಿಲ್ಲ, ವರ್ಷವರ್ಷವೂ ಹೊಸದಾಗಿ ಹೊದಿಸಬೇಕಿಲ್ಲ, ಸಂದಿನಲ್ಲಿ ಗಾಳಿಯಾಡುತ್ತದೆ. ಮಾಡಿನ ನಡುವೆ ಅಲ್ಲಲ್ಲಿ ಒಂದು ಗಾಜಿನ ಹೆಂಚು ಇಟ್ಟರೆ ದೀಪದ ಖರ್ಚೂ ಇಲ್ಲ. ಬಿಸಿಲ ಕೋಲು ಬೆಳಿಗ್ಗೆ ಕರಿಹಲಗೆಯ ಬದಿಯಲ್ಲಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೂರನೇ ಬೆಂಚಿಗೆ ಬಂದಿರುತ್ತದೆ. ವಾಚಿಲ್ಲದ ಮಕ್ಕಳು ಊಟದ ಬೆಲ್ಲಿಗೆ ಎಷ್ಟು ಹೊತ್ತು ಉಳಿದಿದೆ ಎಂದು ಅದರಲ್ಲೇ ಲೆಕ್ಕ ಹಾಕುತ್ತಾರೆ. ತರಗತಿಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರಕ್ಕೆ ನಿಲ್ಲುತ್ತದೆ. ಕೆಲವೆಡೆ ಅದೂ ಇಲ್ಲ, ಬರೀ ಮಡಚುವ ತಟ್ಟಿ. ಎರಡನೇ ತರಗತಿಯವರು ಮೂರನೆಯವರ ಮಗ್ಗಿಯನ್ನು ಪುಕ್ಕಟೆಯಾಗಿ ಕಲಿಯುತ್ತಿದ್ದದ್ದು ಹೀಗೆ.

ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಇಷ್ಟೂ ಬರುತ್ತದೆ. ಬಾರದೇ ಉಳಿಯುವುದು ಬೇರೆ ಇದೆ. ಜುಲೈ ತಿಂಗಳ ಮಳೆಗೆ ಒಡೆದ ಹೆಂಚಿನ ಕೆಳಗೆ ಬಕೆಟ್ಟು ಇಟ್ಟು ಬೆಂಚುಗಳನ್ನು ಒಂದು ಮೂಲೆಗೆ ಒತ್ತಿ ಕೂತದ್ದು. ಪಕ್ಕಾಸಿಗೆ ಗೆದ್ದಲು ಹಿಡಿದಿದೆ ಎಂದು ಹೆಡ್ಮಾಸ್ಟ್ರು ಬರೆದ ಪತ್ರಗಳಿಗೆ ಉತ್ತರ ಬಾರದ್ದು. ಶೌಚಾಲಯವಿಲ್ಲದ ಶಾಲೆಗೆ ಏಳನೇ ತರಗತಿಯ ಹೊತ್ತಿಗೆ ಹುಡುಗಿಯರು ಬರುವುದು ನಿಂತದ್ದು. ಯಾರ ಮಕ್ಕಳು ಯಾವ ಸಾಲಿನಲ್ಲಿ ಕೂರುತ್ತಿದ್ದರು, ಯಾರ ಲೋಟದಲ್ಲಿ ಯಾರು ನೀರು ಕುಡಿಯುತ್ತಿರಲಿಲ್ಲ ಎಂಬುದು. ಬೆತ್ತದ ಏಟನ್ನು ಮಾತ್ರ ನೆನೆದುಕೊಳ್ಳುತ್ತಾರೆ, ಅದೂ ಪ್ರಸಾದವೆಂಬಂತೆ. ಏಟಿಗೆ ಹೆದರಿ ಶಾಲೆ ಬಿಟ್ಟವನು ಆ ಗುಂಪಿನಲ್ಲಿ ಇಲ್ಲ. ಅವನ ನೆನಪನ್ನು ಕೇಳಿದವರೂ ಇಲ್ಲ.

ನಡುವೆ ಒಂದು ಮಾತು. ವಿದೇಶಿ ಸಿನಿಮಾಗಳಲ್ಲಿ ಹಳೆ ಶಾಲೆಯೆಂದರೆ ಮರದ ನೆಲದ ದೊಡ್ಡ ವ್ಯಾಯಾಮಶಾಲೆ ಇರುತ್ತದೆ. ನೆನಪುಗಳು ಅಲ್ಲಿಂದಲೇ ಶುರುವಾಗುತ್ತವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅದರ ಜಾಗದಲ್ಲಿದ್ದದ್ದು ಹೆಡ್ಮಾಸ್ಟ್ರ ಕೋಣೆಯ ಪಕ್ಕದ ಕತ್ತಲೆ ಕೋಣೆ. ಮೊಳೆಗೆ ನೇತುಹಾಕಿದ ಲೇಜಿಮುಗಳು, ಬಣ್ಣ ಹೋದ ಮರದ ಡಂಬೆಲ್ಸು, ತುಕ್ಕು ಹಿಡಿದ ಗುಂಡು, ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿಯ ಚೀಲ, ಗಾಳಿ ಹೋದ ಒಂದು ವಾಲಿಬಾಲು. ಬೀಗದ ಕೈ ಪೀಟಿ ಮೇಷ್ಟ್ರ ಜೇಬಿನಲ್ಲಿ. ಆಗಸ್ಟ್ 15 ಹತ್ತಿರ ಬಂದಾಗ ಆ ಬಾಗಿಲು ತೆರೆಯುತ್ತಿತ್ತು, ಇಡೀ ಶಾಲೆ ಮೈದಾನದಲ್ಲಿ ಸಾಲು ನಿಂತು ಕವಾಯತು ಮಾಡುತ್ತಿತ್ತು. ಊರಿನ ಶ್ರೀಮಂತರ ಮಗನೂ ಕೂಲಿಯವರ ಮಗನೂ ಒಂದೇ ಲೆಕ್ಕಕ್ಕೆ ಕೈ ಎತ್ತಿದ ಜಾಗ ಅದೊಂದೇ ಇರಬೇಕು. ಹೆಂಚಿನ ಮಾಡಿನಷ್ಟು ಫೋಟೋ ಭಾಗ್ಯ ಆ ಕೋಣೆಗೆ ಬಂದಿಲ್ಲ.

ಚಿತ್ರಕ್ಕೆ ಮರಳಿದರೆ, ಅದರ ಬೆನ್ನ ಹಿಂದಿನ ಚರಿತ್ರೆ ಗಟ್ಟಿಯಾದದ್ದು. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ವರದಿ ಜಾರಿಯಾಗಲಿಲ್ಲ. ಈ ಹೋರಾಟದ ಮುಂಚೂಣಿಯಲ್ಲಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಕಾಸರಗೋಡಿನ ಕನ್ನಡ ಶಾಲೆಯ ಗೋಡೆಯೊಳಗೆ ಕೂತು ಬರೆದವರು ಗಡಿಯ ಬಗ್ಗೆ ಬರೆದರೆ ಅದರ ತೂಕವೇ ಬೇರೆ. ಚಿತ್ರದ ಶೀರ್ಷಿಕೆಯಲ್ಲಿ ಒಬ್ಬರು ರೈ ಇರುವುದು ಕಾಕತಾಳೀಯವೋ ಏನೋ, ನನಗಂತೂ ಕಯ್ಯಾರರೇ ನೆನಪಾಗುತ್ತಾರೆ.

ಕಾನೂನಿನ ಬಲವೂ ಇದೆ. ರಾಜ್ಯಗಳು ಹೊಸದಾಗಿ ವಿಂಗಡವಾದ ಅದೇ 1956ರಲ್ಲಿ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ತಮ್ಮ ತಾಯ್ನುಡಿಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ಕನ್ನಡ ಮಕ್ಕಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುವುದರ ವಿರುದ್ಧ ಕಾಸರಗೋಡಿನ ಪೋಷಕರು ನಿಜವಾಗಿಯೂ ಶಾಲೆಯ ಗೇಟಿನ ಮುಂದೆ ಕೂತಿದ್ದಾರೆ. ಹಾಗಾಗಿ ಚಿತ್ರದ ದೂರು ಕಟ್ಟುಕತೆಯಲ್ಲ.

ಆದರೂ ನ್ಯಾಯಾಲಯದ ದೃಶ್ಯ ಬಂದಾಗ ಚಿತ್ರ ಹಳಿ ತಪ್ಪುತ್ತದೆ. ಅನಂತ್ ನಾಗ್ ಮಾತಿಗೆ ನಿಂತರೆ ಯಾರೂ ಎದ್ದು ಹೋಗಲಾರರು, ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದೂ ನ್ಯಾಯವೇ. ಆದರೆ ಮೊದಲರ್ಧದಲ್ಲಿ ಮಕ್ಕಳ ಬಾಯಲ್ಲಿ ಸಹಜವಾಗಿ ಆಡುತ್ತಿದ್ದ ಕನ್ನಡ ಇಲ್ಲಿ ಏಕಾಏಕಿ ಪೀಠ ಏರಿ ಕೂರುತ್ತದೆ. ಇಷ್ಟು ಹೊತ್ತು ನಮ್ಮನ್ನು ನಗಿಸಿದ ಮಕ್ಕಳು ಪ್ರೇಕ್ಷಕರ ಸಾಲಿಗೆ ಸರಿಯುತ್ತಾರೆ. ಶಾಲೆಯನ್ನು ಉಳಿಸಲು ಮೈಸೂರಿನಿಂದ ಒಬ್ಬ ಹಿರಿಯರು ಬಂದು ಚೆನ್ನಾಗಿ ಮಾತಾಡಬೇಕು ಎಂಬ ನಂಬಿಕೆಯೇ ನಮ್ಮ ಶಾಲಾ ಹಂಬಲದ ದೊಡ್ಡ ದೌರ್ಬಲ್ಯ. ಅಪರಾಧಿ ಹೊರಗಿನ ಅಧಿಕಾರಿ, ರಕ್ಷಕನೂ ಹೊರಗಿನವನೇ. ಊರಿನವರಿಗೆ ಉಳಿಯುವ ಕೆಲಸ ಚಪ್ಪಾಳೆ ತಟ್ಟುವುದು.

ಈ ಲೆಕ್ಕ ತಪ್ಪು ಎನ್ನಲು ಬೇರೆ ಸಾಕ್ಷಿ ಬೇಡ, ಚಿತ್ರದ ಕಟ್ಟಡವೇ ಸಾಕ್ಷಿ. ಕಾಸರಗೋಡಿನ ಆ ಶಾಲೆಯಾಗಿ ತೆರೆಯ ಮೇಲೆ ಕಾಣಿಸಿಕೊಂಡದ್ದು ಗಡಿಯ ಈಚೆಗೆ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದ ಸರ್ಕಾರಿ ಶಾಲೆ. ಮಕ್ಕಳ ಸಂಖ್ಯೆ ಇಳಿದು ಆ ಶಾಲೆಯೂ ಮುಚ್ಚುವ ಅಂಚಿಗೆ ಬಂದಿತ್ತು. ಚಿತ್ರೀಕರಣದ ನಂತರ ರಿಷಬ್ ಶೆಟ್ಟಿ ಅದನ್ನು ದತ್ತು ತೆಗೆದುಕೊಳ್ಳಲು ಮುಂದಾದರು. ಇದು ಅವರಿಗೆ ಸಲ್ಲಬೇಕಾದ ಶ್ರೇಯ. ಆದರೆ ಯೋಚಿಸಿ ನೋಡಿ. ಕೈರಂಗಳದಲ್ಲಿ ಮಲಯಾಳಿ ಮೇಷ್ಟ್ರು ಇರಲಿಲ್ಲ. ಕೇರಳದ ಅಧಿಕಾರಿ ಇರಲಿಲ್ಲ. ಕನ್ನಡದ ಸರ್ಕಾರ, ಕನ್ನಡದ ಇಲಾಖೆ, ಕನ್ನಡದ್ದೇ ಶಾಲೆ. ಮಕ್ಕಳು ಮಾತ್ರ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿದ್ದರು. ಕೈರಂಗಳದ ನಿಜವಾದ ಕತೆಯನ್ನು ಕೈರಂಗಳದಲ್ಲೇ ತೆಗೆಯಬಹುದಿತ್ತು. ಆಗ ಕಟಕಟೆಯಲ್ಲಿ ನಿಲ್ಲಬೇಕಾದವರು ಟಿಕೆಟು ಕೊಂಡು ಬಂದ ನಾವು. ಅಂಥ ಚಿತ್ರ ನೂರು ದಿನ ಓಡುತ್ತಿತ್ತೆಂದು ನಾನು ಪಂದ್ಯ ಕಟ್ಟಲಾರೆ.

ಕಟ್ಟಡವನ್ನು ಪ್ರೀತಿಸುವುದೂ ಅದನ್ನು ಬಳಸುವುದೂ ಬೇರೆಬೇರೆ ಎಂಬುದಕ್ಕೆ ಘಟ್ಟದ ಮೇಲೂ ಉದಾಹರಣೆಗಳಿವೆ. ಪಾರಂಪರಿಕ ಕಟ್ಟಡಗಳ ಬಗ್ಗೆ ಮೈಸೂರಿನಷ್ಟು ಮಾತಾಡುವ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಅಲ್ಲಿಯೇ 2022ರ ಅಕ್ಟೋಬರಿನ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಕುಸಿಯಿತು. ಬಿದ್ದ ಮೇಲೆ ಲೇಖನಗಳು ಬಂದವು, ನೆನಪುಗಳು ಬಂದವು. ಬೀಳುವ ಮುಂಚೆ ಬೇಕಾಗಿದ್ದದ್ದು ಗಾರೆ ಕೆಲಸದವರು. ಧಾರವಾಡದ ಕರ್ನಾಟಕ ಕಾಲೇಜಿನ ಹಳೆ ಕಟ್ಟಡದ್ದು ಬೇರೆಯೇ ಹಣೆಬರಹ: ಅದು ಮೂಲದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಚೇರಿ. ರೈಲಿನವರು ಬಿಟ್ಟುಹೋದ ಕೋಣೆಗಳಿಗೆ ಕಾಲೇಜು ಬಂದು ಕೂತಿತು, ತಲೆಮಾರುಗಳು ಅಲ್ಲಿ ಪದವಿ ಪಡೆದವು. ರೈಲ್ವೆ ಕಚೇರಿ ಹೋಯಿತಲ್ಲ ಎಂದು ಅಲ್ಲಿ ಯಾರೂ ಅತ್ತಂತಿಲ್ಲ. ಜನ ಓಡಾಡುವ ಕಟ್ಟಡ ತಾನಾಗಿಯೇ ರಿಪೇರಿ ಮಾಡಿಸಿಕೊಳ್ಳುತ್ತದೆ.

ಕರಾವಳಿಯಲ್ಲಿ ಈಗ ಶತಮಾನೋತ್ಸವಗಳ ಸುಗ್ಗಿ. ಸಮಿತಿ, ಆಮಂತ್ರಣ, ಗುರುವಂದನೆ, ಸ್ಮರಣ ಸಂಚಿಕೆ, ಮುಂಬಯಿಯಿಂದ ಮತ್ತು ಗಲ್ಫಿನಿಂದ ಬಂದ ದೇಣಿಗೆ. ಗೋಡೆಗೆ ಬಣ್ಣ ಬೀಳುತ್ತದೆ, ಕೆಲವೆಡೆ ಶಾಲೆಯ ಗೋಡೆಗೆ ರೈಲು ಬೋಗಿಯ ಚಿತ್ರ ಬರೆಸುತ್ತಾರೆ. ಮಕ್ಕಳಿಗೆ ಖುಷಿಯಾಗುವುದು ನಿಜ. ಸಂಜೆ ಯಕ್ಷಗಾನ ಅಥವಾ ತುಳು ನಾಟಕ. ಈ ಹಬ್ಬಗಳನ್ನು ನಾನು ಹಳಿಯುವುದಿಲ್ಲ, ಮೇಷ್ಟ್ರ ಕಾಲಿಗೆ ಬೀಳುವ ಐವತ್ತು ದಾಟಿದ ಶಿಷ್ಯರ ಕಣ್ಣೀರು ನಾಟಕದ್ದಲ್ಲ. ಆದರೆ ಸ್ಮರಣ ಸಂಚಿಕೆಯಲ್ಲಿ ಒಂದು ಪುಟ ಸಾಮಾನ್ಯವಾಗಿ ಇರುವುದಿಲ್ಲ: ಈ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳ ಪಟ್ಟಿ.

ಆ ಪುಟ ತುಂಬಿಸಲು ಹೊರಟವರೂ ಇದೇ ಜಿಲ್ಲೆಯಲ್ಲಿದ್ದಾರೆ. ಬಂಟ್ವಾಳ ತಾಲೂಕಿನ ದಡ್ಡಲಕಾಡಿನಲ್ಲಿ, ಮಕ್ಕಳಿಲ್ಲದೆ ಬಾಗಿಲು ಹಾಕುವ ಹಂತಕ್ಕೆ ಬಂದಿದ್ದ ಸರ್ಕಾರಿ ಶಾಲೆಯನ್ನು ಊರಿನ ಯುವಕರ ಸಂಘವೊಂದು ಕೈಗೆತ್ತಿಕೊಂಡಿತು. ಎಲ್‌ಕೆಜಿ ಯುಕೆಜಿ ಶುರುವಾದವು, ಚಿಕ್ಕಂದಿನಿಂದ ಇಂಗ್ಲಿಷ್ ಕಲಿಸುವ ವ್ಯವಸ್ಥೆಯಾಯಿತು, ಮಕ್ಕಳನ್ನು ಕರೆತರಲು ಬಸ್ಸು ಬಂತು, ಹೊಸ ಕಟ್ಟಡ ಎದ್ದಿತು. ಕೆಲವೇ ವರ್ಷಗಳಲ್ಲಿ ಶಾಲೆ ಮಕ್ಕಳಿಂದ ತುಂಬಿತು. ಅಲ್ಲಿ ಹೆಂಚಿನ ಮಾಡಿಗೆ ಪೂಜೆ ನಡೆಯಲಿಲ್ಲ. ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಏನು ಕೇಳುತ್ತಾರೋ ಅದನ್ನು ಸರ್ಕಾರಿ ಶಾಲೆಯಲ್ಲೇ ಕೊಟ್ಟರು. 2019-20ರಿಂದ ರಾಜ್ಯ ಸರ್ಕಾರವೂ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗ ಕನ್ನಡದ ಹಿರಿಯ ಲೇಖಕರು ಕಟುವಾಗಿ ವಿರೋಧಿಸಿದರು. ಅವರ ಆತಂಕಕ್ಕೆ ಕಾರಣವಿದೆ. ಕನ್ನಡ ಶಾಲೆಯ ಕಟ್ಟಡವನ್ನು ಉಳಿಸಲು ಹೋಗಿ ಅದರೊಳಗಿನ ಕನ್ನಡವನ್ನೇ ಕಳೆದುಕೊಂಡರೆ ರಾಮಣ್ಣ ರೈಗಳ ಕೊಡುಗೆಗೆ ಏನರ್ಥ?

ಚಿತ್ರ ಎದುರಿಸದೆ ಬಿಟ್ಟದ್ದು ಈ ಪ್ರಶ್ನೆಯನ್ನೇ. ನನ್ನನ್ನು ಕೇಳಿದರೆ, ಮಕ್ಕಳಿಲ್ಲದ ಅಚ್ಚಗನ್ನಡದ ಹೆಂಚಿನ ಮಾಡಿಗಿಂತ, ಬೆಳಿಗ್ಗೆ ಇಂಗ್ಲಿಷ್ ರೈಮ್ಸು ಹೇಳಿ ಮಧ್ಯಾಹ್ನ ಕನ್ನಡದಲ್ಲಿ ಜಗಳವಾಡುವ ಮಕ್ಕಳಿರುವ ಕಾಂಕ್ರೀಟು ಕಟ್ಟಡವೇ ವಾಸಿ ಎಂದೇನು. ಸಿನಿಮಾದ ಮೊದಲರ್ಧದಲ್ಲಿ ರಿಷಬ್ ಶೆಟ್ಟಿ ತೋರಿಸಿದ ಕನ್ನಡ ಅಂಥದ್ದೇ. ಕಾಸರಗೋಡಿನ ಮಟ್ಟಿಗೆ ಮಾತ್ರ ಈ ಮಾತನ್ನು ಹೀಗೆ ಹೇಳಿ ಮುಗಿಸಲು ನನಗೆ ಧೈರ್ಯ ಸಾಲದು. ಅಲ್ಲಿ ಶಾಲೆಯ ಹೊರಗೆ ಕಾಲಿಟ್ಟರೆ ಅಂಗಡಿ ಬೋರ್ಡಿನಿಂದ ಸರ್ಕಾರಿ ಅರ್ಜಿಯವರೆಗೆ ಮಲಯಾಳವೇ ಎದುರಾಗುತ್ತದೆ, ತರಗತಿಯ ಕನ್ನಡ ಹೋದರೆ ಓದುವ ಬರೆಯುವ ಕನ್ನಡವೇ ಹೋದಂತೆ. ಕೈರಂಗಳಕ್ಕೆ ಬೇಕಾದದ್ದು ಬಸ್ಸು, ಕಾಸರಗೋಡಿಗೆ ಬೇಕಾದದ್ದು ಕನ್ನಡ ಬಲ್ಲ ಗಣಿತ ಮೇಷ್ಟ್ರು. ಒಂದೇ ಕಟ್ಟಡದಲ್ಲಿ ಎರಡೂ ಊರಿನ ಕತೆ ಹೇಳಲು ಹೋದದ್ದರಿಂದ ಚಿತ್ರ ಇಬ್ಬರಿಗೂ ಒಂದೇ ಔಷಧಿ ಬರೆದುಕೊಟ್ಟಿದೆ.