ಕಾಸ್ಕೊ ಬುಸಾನ್ ವರದಿ: ತಪ್ಪು ಮಾತ್ರೆಯದೋ, ಮೌನದ್ದೋ?

ಸಾವಿರಾರು ಕಿಲೋಮೀಟರ್ ತೆರೆದ ಸಾಗರವನ್ನು ಸುಖವಾಗಿ ದಾಟಿ ಬಂದ ಹಡಗು ಬಂದರಿನ ಬಾಗಿಲಲ್ಲಿ ಎಡವುವುದುಂಟು. ಅಲ್ಲಿ ನೀರಿನ ದಾರಿ ಕಿರಿದು, ಆಳ ಕಡಿಮೆ, ಉಬ್ಬರವಿಳಿತದ ಸೆಳೆತ ಹೆಚ್ಚು. ಆದ್ದರಿಂದಲೇ ಸ್ಥಳದ ನೀರನ್ನು ಬಲ್ಲ ಪೈಲಟ್ ಹಡಗನ್ನೇರಿ ದಾರಿ ತೋರಿಸುತ್ತಾನೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲೂ ಇದೇ ಕ್ರಮ. ಹೀಗಿದ್ದೂ ಪೈಲಟ್ ಇರುವಾಗಲೇ ಅಪಘಾತಗಳೇಕೆ ಆಗುತ್ತವೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಓದಲೇಬೇಕಾದದ್ದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2009ರಲ್ಲಿ ಹೊರತಂದ ಕಾಸ್ಕೊ ಬುಸಾನ್ ಹಡಗಿನ ವರದಿ. ಓದಬೇಕು, ಆದರೆ ಒಪ್ಪಿಬಿಡಬಾರದು.

ಘಟನೆ ಸರಳ. 2007ರ ನವೆಂಬರ್ 7ರ ಬೆಳಿಗ್ಗೆ ಸುಮಾರು 275 ಮೀಟರ್ ಉದ್ದದ ಈ ಕಂಟೇನರ್ ಹಡಗು ಓಕ್‌ಲೆಂಡ್ ಬಂದರಿನಿಂದ ದಟ್ಟ ಮಂಜಿನಲ್ಲಿ ಹೊರಟಿತು. ಎಂಟೂವರೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸೇತುವೆಯ ಒಂದು ಗೋಪುರದ ಬುಡದ ರಕ್ಷಾಕವಚಕ್ಕೆ ಉಜ್ಜಿತು. ಪಕ್ಕೆ ಸೀಳಿ ಸುಮಾರು 2 ಲಕ್ಷ ಲೀಟರ್ ಇಂಧನ ತೈಲ ಕೊಲ್ಲಿಗೆ ಹರಿಯಿತು. ಸಾವಿರಾರು ಹಕ್ಕಿಗಳು ಸತ್ತವು.

ವರದಿ ಮೂರು ಕಾರಣಗಳನ್ನು ಹೇಳುತ್ತದೆ. ಪೈಲಟ್ ವೈದ್ಯರ ಚೀಟಿಯ ಮೇಲೆ ಸೇವಿಸುತ್ತಿದ್ದ ಔಷಧಗಳಿಂದ ಅವನ ಬುದ್ಧಿ ಮಂದವಾಗಿದ್ದುದು ಮೊದಲನೆಯದು. ಹೊರಡುವ ಮುನ್ನ ಕಪ್ತಾನ ಮತ್ತು ಪೈಲಟ್ ಯೋಜನೆಯನ್ನು ಸರಿಯಾಗಿ ಚರ್ಚಿಸದೆ, ಆಮೇಲೂ ಪರಿಣಾಮಕಾರಿಯಾಗಿ ಮಾತಾಡದೆ ಹೋದದ್ದು ಎರಡನೆಯದು. ಕಪ್ತಾನ ಪೈಲಟ್‌ನ ಕೆಲಸದ ಮೇಲೆ ಕಣ್ಣಿಡದಿದ್ದುದು ಮೂರನೆಯದು. ಪೈಲಟ್‌ನ ಆರೋಗ್ಯ ತಪಾಸಣೆಯಲ್ಲಿ ಕರಾವಳಿ ರಕ್ಷಣಾ ಪಡೆಯ ಲೋಪವನ್ನೂ, ಸಿಬ್ಬಂದಿಗೆ ತರಬೇತಿ ನೀಡುವಲ್ಲಿ ನಿರ್ವಾಹಕ ಕಂಪನಿಯ ಲೋಪವನ್ನೂ ಅದು ಮುಚ್ಚಿಡುವುದಿಲ್ಲ. ಇದು ಮೆಚ್ಚತಕ್ಕದ್ದೇ.

ನನ್ನ ತಕರಾರು ಈ ಕಾರಣಗಳ ಸರದಿಯ ಬಗ್ಗೆ. ಮಾತ್ರೆಯ ಪರಿಣಾಮ ಬಹುಪಾಲು ದಾಖಲೆಗಳಿಂದಲೂ ವರ್ತನೆಯಿಂದಲೂ ಮಾಡಿದ ಊಹೆ. ಮಾತುಕತೆಯಾದರೋ ಹಡಗಿನ ಧ್ವನಿಮುದ್ರಣದಲ್ಲಿ ನೇರವಾಗಿ ಸಿಗುತ್ತದೆ. ವಿದ್ಯುನ್ಮಾನ ನಕ್ಷೆಯ ಮೇಲೆ ಕೆಂಪು ತ್ರಿಕೋನಗಳಿದ್ದವು. ಅವು ಏನೆಂದು ಪೈಲಟ್ ಕಪ್ತಾನನನ್ನು ಕೇಳಿದ, ಇದು ಸೇತುವೆಯ ಮಧ್ಯಭಾಗ ತಾನೆ ಎಂದ, ಕಪ್ತಾನ ಹೌದೆಂದ. ವಾಸ್ತವವಾಗಿ ಅವು ಗೋಪುರದ ಬಳಿಯ ತೇಲುಗುರುತುಗಳ ಸಂಕೇತ! ಇಬ್ಬರಿಗೂ ಗೊತ್ತಿರಬೇಕಾದ ಸಂಕೇತ ಇಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಯಾರೂ ಹೇಳಲಿಲ್ಲ. ಪೈಲಟ್ ಒಂದು ಮಾತ್ರೆಯನ್ನೂ ನುಂಗದೆ ಬಂದಿದ್ದರೂ ಆ ಉತ್ತರ ಅದೇ ಆಗಿರುತ್ತಿತ್ತಲ್ಲವೆ?

ಕಪ್ತಾನನ ಮೌನಕ್ಕೆ ವರದಿ ಎರಡು ವಿವರಣೆ ಕೊಡುತ್ತದೆ: ಆ ಕೊಲ್ಲಿಯಲ್ಲಿ ಇಬ್ಬರ ಅನುಭವದ ಅಂತರ, ಮತ್ತು 'ಸಾಂಸ್ಕೃತಿಕ ವ್ಯತ್ಯಾಸ'. ಕಪ್ತಾನ ಚೀನೀಯ, ಆದ್ದರಿಂದ ಹಿರಿಯರೆದುರು ದನಿ ಎತ್ತಲಾರ ಎಂಬ ಧ್ವನಿ ಇಲ್ಲಿದೆ. ಇದು ನನಗೆ ಒಪ್ಪಿಗೆಯಿಲ್ಲ. ಪೈಲಟ್‌ಗೆ ಆ ಕೊಲ್ಲಿಯಲ್ಲಿ ಎರಡು ದಶಕಕ್ಕೂ ಮೀರಿದ ಅನುಭವ; ಕಪ್ತಾನನೂ ಅವನ ಸಿಬ್ಬಂದಿಯೂ ಆ ಹಡಗಿಗೆ ಬಂದು ಎರಡು ವಾರವಷ್ಟೆ ಆಗಿತ್ತು. ಇಷ್ಟು ಸಾಲದೆ? ದೊಡ್ಡ ವೈದ್ಯರೆದುರು ಕುಳಿತಾಗ ನಮ್ಮಲ್ಲಿ ಎಷ್ಟು ಮಂದಿ ಎರಡನೆಯ ಪ್ರಶ್ನೆ ಕೇಳುತ್ತೇವೆ? ಸಂಸ್ಕೃತಿಯ ಹಣೆಪಟ್ಟಿ ಹಚ್ಚಿದರೆ ಬೇರೆ ದೇಶದ ಕಪ್ತಾನರು ತಮಗೆ ಈ ಪಾಠ ಬೇಡವೆಂದು ಪುಟ ಮಗುಚುತ್ತಾರೆ.

ಗೊಂದಲದ ಬೇರು ಇನ್ನೂ ಆಳದಲ್ಲಿದೆ. ಸಾಮಾನ್ಯವಾಗಿ ಕಾನೂನಿನ ದೃಷ್ಟಿಯಲ್ಲಿ ಹಡಗಿನ ಹೊಣೆ ಕಪ್ತಾನನದೇ, ಪೈಲಟ್ ಸಲಹೆಗಾರ. ಪನಾಮಾ ಕಾಲುವೆಯಂಥ ಕಡೆ ಮಾತ್ರ ಪೈಲಟ್‌ಗೇ ಹಡಗಿನ ನಿಯಂತ್ರಣ ಸಲ್ಲುತ್ತದೆ. ಆದರೆ ವ್ಯವಹಾರದಲ್ಲಿ ಎಲ್ಲೆಡೆಯೂ ಚುಕ್ಕಾಣಿಗಾರನಿಗೆ ಆಜ್ಞೆ ಕೊಡುವವನು ಪೈಲಟ್. ಕಾಗದದ ಮೇಲೊಬ್ಬ ಒಡೆಯ, ನೀರಿನ ಮೇಲೊಬ್ಬ! ಈ ವಿರೋಧವನ್ನು ವರದಿ ಮುಟ್ಟುತ್ತದೆ, ಆದರೆ ಕೆದಕುವುದಿಲ್ಲ.

ಪೈಲಟ್ ಇದ್ದ ಮಾತ್ರಕ್ಕೆ ಅಪಘಾತದ ಕಾರಣ ಮನುಷ್ಯನ ಎಡವಟ್ಟೇ ಆಗಿರಬೇಕಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 2024ರ ಮಾರ್ಚ್ 26ರಂದು ಬಾಲ್ಟಿಮೋರ್ ಸೇತುವೆಯನ್ನು ಕೆಡವಿದ ಡಾಲಿ ಹಡಗಿನಲ್ಲಿ ಇಬ್ಬರು ಪೈಲಟ್‌ಗಳಿದ್ದರು. ಅಲ್ಲಿ ಕೈಕೊಟ್ಟದ್ದು ವಿದ್ಯುತ್. ಸಡಿಲವಾದ ಒಂದು ತಂತಿಯ ಸಂಪರ್ಕವೇ ಮೂಲವೆಂದು ಇದೇ ಮಂಡಳಿ 2025ರಲ್ಲಿ ತಿಳಿಸಿತು. ಪೈಲಟ್‌ನ ಎಚ್ಚರಿಕೆ ಸಕಾಲದಲ್ಲಿ ದಡ ಮುಟ್ಟಿದ್ದರಿಂದ ವಾಹನಗಳನ್ನು ತಡೆಯಲಾಯಿತು. ಸೇತುವೆಯ ಮೇಲೆ ಕೆಲಸದಲ್ಲಿದ್ದ ಆರು ಕಾರ್ಮಿಕರಿಗೆ ಮಾತ್ರ ಆ ಎಚ್ಚರಿಕೆ ಫಲಿಸಲಿಲ್ಲ.

ಇನ್ನು ಕಾಸ್ಕೊ ಬುಸಾನ್ ವರದಿಯಲ್ಲಿ ಬಹಳ ಓದುಗರು ದಾಟಿಬಿಡುವ ಒಂದು ಭಾಗ. ಡಿಕ್ಕಿಗೆ ಕೆಲವೇ ನಿಮಿಷ ಮೊದಲು ದಡದ ಸಂಚಾರ ನಿಯಂತ್ರಣ ಕೇಂದ್ರ, ನಿಮ್ಮ ಹಡಗಿನ ಮುಖ 235 ಡಿಗ್ರಿಯತ್ತ ಇದೆ, ಏನು ಮಾಡಲಿದ್ದೀರಿ ಎಂದು ಪೈಲಟ್‌ನನ್ನು ಕೇಳಿತು. ಅವನು 280 ಎಂದ. ಹಡಗಿನ ಮೂತಿ ತೋರುವ ದಿಕ್ಕು ಬೇರೆ, ಹಡಗು ನಿಜವಾಗಿ ಸಾಗುತ್ತಿರುವ ದಿಕ್ಕು ಬೇರೆ ಎಂಬುದನ್ನು ಗಮನಿಸಿ. ತಿರುಗುತ್ತಿರುವಾಗ, ಸೆಳೆತವಿದ್ದಾಗ ಇವೆರಡೂ ಒಂದೇ ಆಗಿರುವುದಿಲ್ಲ. ಕೇಂದ್ರ ಎರಡನೆಯದನ್ನು ಮೊದಲನೆಯದೆಂದು ಹೇಳಿತ್ತು. ಇದು ಪೈಲಟ್‌ನನ್ನು ಗೊಂದಲಗೊಳಿಸಿರಬಹುದೆಂದು ವರದಿಯೇ ಒಪ್ಪುತ್ತದೆ. ಕೇಂದ್ರ ಕರೆದದ್ದಾದರೂ ಪೈಲಟ್‌ನ ಸಂಕೇತನಾಮವನ್ನು, ಹಡಗಿನ ಹೆಸರನ್ನಲ್ಲ. ಚಾಲನಾ ಕೊಠಡಿಯಲ್ಲಿ ನಿಂತಿದ್ದ ಉಳಿದವರಿಗೆ ಆ ಪ್ರಶ್ನೆ ತಮ್ಮ ಹಡಗಿನದೇ ಎಂದು ಹೊಳೆಯಬೇಕಾದರೂ ಹೇಗೆ? ಹಡಗಿನ ಹೆಸರನ್ನೂ ಕೂಗಿದರೆ ಸಿಬ್ಬಂದಿಗೆ ಇಂಥ ಮಾತು ಅರ್ಥವಾಗಲು ನೆರವಾಗುತ್ತದೆ ಎಂದು ವರದಿ ಹೇಳುತ್ತದೆ. ಇಡೀ ವರದಿಯಲ್ಲಿ ಅತಿ ಅಗ್ಗದ, ಯಂತ್ರವೊಂದನ್ನೂ ಕೊಳ್ಳಬೇಕಿಲ್ಲದ ಸಲಹೆ ಇದು. ಮೊದಲ ಪುಟದಲ್ಲೇ ಇರಬೇಕಿತ್ತು.